ಅತ್ತೆಯ ಹಾಡಿಗೆ ಹಿತ್ತಾಳೆ ಗುಂಡಿ

"ಅತ್ತಿಯವರ ದನಿ ಇನ್ನ ನನ್ನ ಜವಾಬ್ದಾರಿ. ಖಾನಾಪುರದ ಬೀಗರು ಕೇಳಿ ಕಿವಿ ಹಿಡ್ಕೋಬೇಕು, ಹಂಗ ಮಾಡಿ ತೋರಸ್ತೇನಿ!"

ಶಹಾಪುರದ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ರಾಮಲಿಂಗ ಹೀಗೆ ಘೋಷಣೆ ಹೊರಡಿಸಿದಾಗ ಅದನ್ನು ಕೇಳಲು ಇದ್ದ ಪ್ರಜೆ ಒಬ್ಬಳೇ, ಹೆಂಡತಿ ಪ್ರಮಿಳಾ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಕಿವಿ ಹಿಡ್ಕೊಳ್ಳೂದು ಬ್ಯಾರೆ, ಮುಚ್ಕೊಳ್ಳೂದು ಬ್ಯಾರೆ," ಎಂದಳು ತಲೆಯೆತ್ತದೆ. "ಯಾವ್ದು ಮಾಡಸ್ತೀರಿ ಮೊದ್ಲ ಪಕ್ಕಾ ಮಾಡ್ಕೋರಿ."

ವಿಷಯ ಸಣ್ಣದಲ್ಲ. ಪ್ರಮಿಳಾಳ ತವರೂರು ಗುಂಜಿ. ಅಲ್ಲಿರುವ ಅವಳ ಅಣ್ಣನ ಮಗಳು ನೀಲಾಳ ಮದುವೆ ಖಾನಾಪುರದ ಹುಡುಗನ ಜೊತೆ ಗೊತ್ತಾಗಿತ್ತು. ನಮ್ಮ ಕಡೆ ಮದುವೆ ಎಂದರೆ ತಾಳಿ ಕಟ್ಟುವುದು ಎಷ್ಟು ಮುಖ್ಯವೋ ಊಟದ ಹೊತ್ತಿಗೆ ಬೀಗರ ಹಾಡು ಹಾಡುವುದೂ ಅಷ್ಟೇ ಮುಖ್ಯ. ಎದುರು ಪಕ್ಷದವರ ಮೂಗು, ಹಲ್ಲು, ಹೊಟ್ಟೆ, ಜಿಪುಣತನ ಯಾವುದನ್ನೂ ಬಿಡದೆ ಹಾಡಿನಲ್ಲಿ ಹೀಯಾಳಿಸಬೇಕು. ಅವರು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಕೊಡದವರು ಸೋತಂತೆ. ನಿಶ್ಚಿತಾರ್ಥದ ದಿನ ಹುಡುಗನ ಅಜ್ಜಿ ನಿಂಗವ್ವ ಎದ್ದು ನಿಂತು, "ಗುಂಜಿಯ ಮಂದಿ ಗಪ್ಪ ಕುಂತಾರ, ಬಾಯಾಗ ಅವಲಕ್ಕಿ ತುಂಬ್ಯಾರ" ಎಂದು ಹಾಡಿದ್ದಳು. ಗುಂಜಿಯ ಮಂದಿ ನಿಜಕ್ಕೂ ಗಪ್ಪನೆ ಕುಳಿತಿದ್ದರು. ಯಾಕೆಂದರೆ ಗುಂಜಿಯ ಪಾಲಿಗೆ ಬೀಗರ ಹಾಡಿನ ಮಹಾರಾಣಿಯಾದ ಪ್ರಮಿಳಾಳ ತಾಯಿ ಕಾಶವ್ವನಿಗೆ ಆ ದಿನ ಉಬ್ಬಸ ಏರಿ, ಒಂದು ಸಾಲು ಹಾಡುವಷ್ಟರಲ್ಲಿ ಉಸಿರು ಸಾಲದೆ ಆಕೆ ಕೆಮ್ಮಿ ಕೆಮ್ಮಿ ಕುಳಿತುಬಿಟ್ಟಿದ್ದಳು.

ಮದುವೆಯ ದಿನವೂ ಹೀಗೇ ಆದರೆ? ಆ ಚಿಂತೆಗೆ ಪರಿಹಾರ ಹೊಳೆದದ್ದು ರಾಮಲಿಂಗನಿಗೆ. ಅವನ ಮನೆಯಲ್ಲಿ ಹೊಸ ಕಂಪ್ಯೂಟರ್ ಇತ್ತು. ಅತ್ತೆಯನ್ನು ಕರೆಸಿ, ಒಂದೊಂದೇ ಸಾಲು ಹಾಡಿಸಿ, ಕೆಮ್ಮು ಉಬ್ಬಸ ಎಲ್ಲ ಕತ್ತರಿಸಿ ತೆಗೆದು, ಸಾಲಿಗೆ ಸಾಲು ಅಂಟಿಸಿ ಕ್ಯಾಸೆಟ್ ಮಾಡಿದರೆ ಮುಗಿಯಿತು.

ಇದರಲ್ಲಿ ಅವನದೊಂದು ಒಳಗಿನ ಆಸೆಯೂ ಇತ್ತು. ಮದುವೆಯಾದಾಗಿನಿಂದ ಅತ್ತೆ ಅವನಿಗೆ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಕೆಟ್ಟದ್ದೂ ಹೇಳಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವು. ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅಳಿಯ ಎದುರಿಗೇ ಕುಳಿತಿದ್ದರೂ, "ಅಳಿಯಂದಿರು ಚಾ ತಗೋತಾರೇನ ಕೇಳ" ಎಂದು ಮಗಳ ಕಡೆ ಮುಖ ಮಾಡಿ ಹೇಳುತ್ತಿದ್ದಳು. ಆ ಬಾಯಿಂದ ಒಂದು ಶಾಬಾಸ್ ಕೇಳಬೇಕೆಂದು ರಾಮಲಿಂಗನ ಜೀವ ಹಂಬಲಿಸುತ್ತಿತ್ತು.

ಹಾಡು ಹಿಡಿಯುವುದೇ ಮೊದಲ ಮಹಾಯುದ್ಧ. ಬಾಜು ಮನೆಯಲ್ಲಿ ಪವರ್‌ಲೂಮ್ ಇತ್ತು. ಕರೆಂಟ್ ಇದ್ದರೆ ಮಗ್ಗ ಖಟಖಟ ಎನ್ನುತ್ತದೆ, ಹಾಡು ಕೇಳುವುದಿಲ್ಲ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ, ಕಂಪ್ಯೂಟರೂ ನಿಲ್ಲುತ್ತದೆ! ಕೊನೆಗೆ ಮಗ್ಗದವರು ಊಟಕ್ಕೆ ಏಳುವ ಹೊತ್ತು ಕಾದು, ಅವರು ಕೈ ತೊಳೆಯುವ ಸದ್ದಾಗುತ್ತಲೇ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿ, ಅವರು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎಲ್ಲ ಹಿಡಿದು ಮುಗಿಸಿದ. ಕಾಶವ್ವ ಗುಂಜಿಯ ರೈಲು ಹತ್ತುವಾಗ ಮಗಳಿಗೆ, "ಅಳಿಯಂದಿರಿಗೆ ಹೇಳ, ಶಬ್ದ ಒಂದ ತಿಳೀಲಿ. ಬೈದದ್ದು ತಿಳೀಲಿಲ್ಲಂದ್ರ ಬೈದು ಏನ ಉಪಯೋಗ?" ಎಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮಂಗಳ ಹಾಡುತ್ತಿತ್ತು. ಆದರೆ ಕಚೇರಿಯ ಗೆಳೆಯ ಬಸಯ್ಯ ಚಾ ಕುಡಿಯುತ್ತ, "ಬರೇ ದನಿ ಒಣಾ ರೊಟ್ಟಿ ಇದ್ದಂಗ. ರಿವರ್ಬ್ ಹಚ್ಚರಿ, ತುಪ್ಪಾ ಸವರಿದಂಗ ಆಗ್ತೈತಿ" ಎಂದು ಒಂದು ಸಿಡಿ ಕೊಟ್ಟ. ದೊಡ್ಡ ಗುಡಿಯಲ್ಲಿ ಹಾಡಿದರೆ ದನಿ ಗೋಡೆಗೆ ಬಡಿದು ತಿರುಗಿ ಬಂದು ಗುಂಯ್ ಎನ್ನುತ್ತದಲ್ಲ, ಆ ಗುಂಯ್ ಅನ್ನು ಮನೆಯಲ್ಲೇ ಕೂತು ಹಚ್ಚುವ ಯುಕ್ತಿಗೆ ರಿವರ್ಬ್ ಎನ್ನುತ್ತಾರೆ. ಅದನ್ನು ಹಚ್ಚಿಕೊಡುವ ಪುಟ್ಟ ಪ್ರೋಗ್ರಾಮಿಗೆ ಪ್ಲಗಿನ್. ಬಸಯ್ಯನ ಸಿಡಿಯಲ್ಲಿ ಅಂಥವು ಸಂತೆಯಂತೆ ತುಂಬಿದ್ದವು.

ರಾಮಲಿಂಗ ಕನ್ಯೆ ನೋಡಲು ಹೊರಟ ವರನ ಗತ್ತಿನಲ್ಲಿ ಒಂದೊಂದನ್ನೇ ತೆರೆದು ನೋಡಿದ. ನೋಡಿದ ಎಂದರೆ ಬರೀ ನೋಡಿದ, ಕೇಳಲಿಲ್ಲ. ಮೊದಲನೆಯದು ಬೂದು ಬಣ್ಣದ ಒಂದು ಚೌಕ. ಅದರಲ್ಲಿ ಜರುಗಿಸುವ ಕಡ್ಡಿ ಮೂರು. ಕೋಣೆ ಎಷ್ಟು ದೊಡ್ಡದು, ಗುಂಗು ಎಷ್ಟು ಹೊತ್ತು, ಒಟ್ಟು ಎಷ್ಟು ಬೆರೆಸಬೇಕು. ಮಗುವಿಗೂ ತಿಳಿಯುವಂತಿತ್ತು.

"ಇದು ಚಲೋ ಐತಲ್ಲರಿ," ಎಂದಳು ಪ್ರಮಿಳಾ. "ನಮ್ಮ ಮಿಕ್ಸರಿನಂಗ ಐತಿ. ಏನ ಮಾಡಿದ್ರ ಏನ ಆಗ್ತೈತಿ ಗೊತ್ತಾಗ್ತೈತಿ."

"ಛೇ, ಇದಕ್ಕ ಮಾರಿ ಐತೇನ? ಗೋಡಿಗೆ ಸಿಮೆಂಟ್ ಮೆತ್ತಿದಂಗ ಐತಿ."

ಅವನ ಕಣ್ಣು ಮತ್ತೊಂದರ ಮೇಲೆ ಬಿದ್ದಿತ್ತು. ಅಬ್ಬಾ, ಅದರ ವೈಭವವೇ! ಸಾಗವಾನಿ ಕಟ್ಟಿಗೆಯ ಚೌಕಟ್ಟು, ಥಳಥಳಿಸುವ ಹಿತ್ತಾಳೆಯ ಗುಂಡಿಗಳು, ಅತ್ತಿಂದಿತ್ತ ತುಯ್ದಾಡುವ ಎರಡು ಮುಳ್ಳು, ಮೂಲೆಗೊಂದು ಸ್ಕ್ರೂ, ನಡುವೆ ಮಾಣಿಕ್ಯದಂಥ ಕೆಂಪು ದೀಪ. ಎಲ್ಲವೂ ಬರೀ ಚಿತ್ರ, ಆದರೂ ರಾಮಲಿಂಗ ತೆರೆಗೆ ಅಂಟಿದ ಧೂಳನ್ನು ಅಂಗಿಯ ಚುಂಗಿನಿಂದ ಒರೆಸಿದ. ಗುಂಡಿಗಳ ಕೆಳಗೆ ಏನೋ ಬರೆದಿತ್ತು. ಮದುವೆ ಪತ್ರಿಕೆಯ ಹಾಗೆ ಬಳುಕುವ ಅಕ್ಷರ, ಬಣ್ಣವೂ ಹಿತ್ತಾಳೆಯದೇ. ಚಾಳೀಸು ಹಾಕಿದರೂ ಓದಲಾಗಲಿಲ್ಲ. ಇಷ್ಟು ಚಂದ ಇರುವುದನ್ನು ಓದುವುದೇನಿದೆ ಎಂದುಕೊಂಡ.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು, ರಾಮಲಿಂಗನಿಗೆ ಹೇಳಬೇಡಿ. ಆ ಕೆಂಪು ದೀಪ ಉರಿಯುತ್ತಿದೆ ಎಂದರೆ ಪ್ಲಗಿನ್ ಮಲಗಿದೆ ಎಂದು ಅರ್ಥ. ದೀಪ ಆರಿದರೆ ಅದು ಎಚ್ಚರ. ಇದನ್ನು ರೂಪಿಸಿದ ಪುಣ್ಯಾತ್ಮ ಯಾವ ದೇಶದವನೋ, ನಮ್ಮಲ್ಲಂತೂ ದೀಪ ಹಚ್ಚಿದರೆ ಕೆಲಸ ಶುರು. ರಾಮಲಿಂಗ ಶುಭಾರಂಭ ಎಂದು ದೀಪ ಹಚ್ಚಿಯೇ ಕುಳಿತ.

ಸಂಜೆ ಸಂಜೆ ಗುಂಡಿ ತಿರುಗಿಸಿದ್ದೇ ತಿರುಗಿಸಿದ್ದು. ಮೌಸ್ ಹಿಡಿದು ಗುಂಡಿಯ ಸುತ್ತ ಪ್ರದಕ್ಷಿಣೆ ಹಾಕಿದರೆ ಅದು ಒಮ್ಮೆ ಸೊನ್ನೆಗೆ ಬೀಳುತ್ತಿತ್ತು, ಒಮ್ಮೆ ತುದಿಗೆ ಹಾರುತ್ತಿತ್ತು. ಆದರೂ ಅವನು ಬಿಡಲಿಲ್ಲ.

"ಈಗ ಕೇಳ," ಎನ್ನುತ್ತಿದ್ದ ಕಣ್ಣು ಮುಚ್ಚಿ. "ಅತ್ತಿಯವರು ಗುಡ್ಯಾಗ ಹಾಡಿದಂಗ ಆತಿಲ್ಲ? ಈಗ ನೋಡ, ಗವಿ. ಎಷ್ಟ ಆಳ ಬಂತು!"

"ನನಗ ಮೊದಲಿನಂಗ ಕೇಳ್ತೈತಿ."

"ಅದಕ್ಕ ಕಿವಿ ತಯಾರಾಗಬೇಕು, ಪ್ರಮಿಳಾ. ಒಂದ ದಿನದಾಗ ಬರೂದಲ್ಲ."

ಪ್ರಮಿಳಾ ತನ್ನ ಕಿವಿಯ ಬಗ್ಗೆ ನಿಜಕ್ಕೂ ಚಿಂತೆಗೆ ಬಿದ್ದು, ಕೊಬ್ಬರಿ ಎಣ್ಣೆ ಬಿಟ್ಟುಕೊಂಡಳು. ಅವನು ಇನ್ನೂ ಸ್ವಲ್ಪ ಆಳ ಬರಲಿ, ಇನ್ನೂ ಸ್ವಲ್ಪ ಎಂದು ದಿನಕ್ಕಷ್ಟು ಏರಿಸುತ್ತ ಹೋದ. ಮದುವೆಯ ಹಿಂದಿನ ದಿನದ ಹೊತ್ತಿಗೆ ಹಿತ್ತಾಳೆಯ ಗುಂಡಿಗಳೆಲ್ಲ ತುದಿ ಮುಟ್ಟಿ ನಿಂತಿದ್ದವು.

ಮದುವೆಯ ಬೆಳಿಗ್ಗೆ ಕ್ಯಾಸೆಟ್ಟಿಗೆ ಇಳಿಸುವುದೊಂದೇ ಬಾಕಿ. ಸ್ಪೀಕರಿನ ವೈರು ಕಿತ್ತು ಟೇಪ್‌ರೆಕಾರ್ಡರಿಗೆ ಚುಚ್ಚಿ, ಹಾಡು ಹಚ್ಚಿ, ರಾಮಲಿಂಗ ಸ್ನಾನಕ್ಕೆ ಹೋದ. ಆಗ ಪ್ರಮಿಳಾ ಹೊರಡುವ ಮೊದಲು ಮನೆಯ ದೀಪಗಳನ್ನೆಲ್ಲ ಆರಿಸುತ್ತ ಬಂದಳು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದು ಅವಳಿಗೆ ಆಗದ ಮಾತು. ಅಡಿಗೆ ಮನೆಯದು ಆಗಲೇ ಆರಿಸಿದ್ದಳು, ದೇವರ ಮನೆಯ ಬಲ್ಬೂ ಆರಿಸಿದ್ದಳು, ಈಗ ಪಡಸಾಲೆಗೆ ಬಂದಳು. ಕಂಪ್ಯೂಟರಿನೊಳಗೆ ಕೆಂಪು ದೀಪ ಸುಮ್ಮನೆ ಉರಿಯುತ್ತಿತ್ತು. ಮೌಸಿನ ಬಾಣ ಅದರ ಮೇಲಿಟ್ಟು ಒತ್ತುವುದನ್ನು ಗಂಡನೇ ಕಲಿಸಿದ್ದ. ಒತ್ತಿದಳು. ದೀಪ ಆರಿತು.

ರಾಮಲಿಂಗ ಸ್ನಾನ ಮುಗಿಸಿ ಬಂದಾಗ ಹಾಡು ಮುಗಿದು ತೆರೆ ಕಪ್ಪಾಗಿತ್ತು. ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮೊದಲ ಸಾಲು ಕೇಳಿದ. ಸೊಗಸಾಗಿತ್ತು. ಜೇಬಿಗೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದ. ಪೀರನವಾಡಿ ದಾಟುವವರೆಗೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ.

ಅಕ್ಷತೆ ಬಿದ್ದು ಊಟದ ಪಂಕ್ತಿ ಕುಳಿತಿತು. ಒಂದು ಕಡೆ ನಿಂಗವ್ವ ಮತ್ತವಳ ಸೈನ್ಯ, ಎದುರಿಗೆ ಕಾಶವ್ವ. ರಾಮಲಿಂಗ ದೊಡ್ಡ ಸ್ಪೀಕರಿಗೆ ಕ್ಯಾಸೆಟ್ ಜೋಡಿಸಿ ಕೈ ಕಟ್ಟಿ ನಿಂತ. ಕಾಶವ್ವನ ದನಿ ಗಂಟೆಯಂತೆ ಬಂತು: "ಬಿಂಕದ ಬೀಗತಿ ಬಂದಾಳ ನೋಡ."

ನಿಂಗವ್ವ ತುತ್ತು ಕೆಳಗಿಟ್ಟು ಕಿವಿ ನಿಮಿರಿಸಿದಳು. ಮುಂದಿನ ಸಾಲು "ಬಾಯಾಗ ಹಲ್ಲಿಲ್ಲ, ಬುಂದೆ ಬೇಕಂತಾಳ." ಅದರ ಮುಂದಿನದು "ಹತ್ತಾರ ಹೋಳಿಗಿ ನುಂಗ್ಯಾಳ ನೋಡ, ಹಸಿವಿಲ್ಲ ನನಗಂತ ಅಳತಾಳ." ಆದರೆ ಪ್ರಮಿಳಾ ದೀಪ ಆರಿಸಿದ್ದು ಸರಿಯಾಗಿ ಮೊದಲ ಸಾಲು ಮುಗಿದ ಹೊತ್ತಿಗೆ. ಮಲಗಿದ್ದ ಪ್ಲಗಿನ್ ಎಲ್ಲ ಗುಂಡಿ ತುದಿಗೇರಿದ ಸ್ಥಿತಿಯಲ್ಲಿ ಎದ್ದು ಕುಳಿತಿತ್ತು. ಸ್ಪೀಕರಿನಿಂದ "ಓಂ... ಊಂ... ಆಂ..." ಎಂದು ಆಕಾಶದಿಂದ ಇಳಿದಂಥ ಒಂದು ಮಹಾನಾದ ಹೊರಟು ಮಂಟಪವನ್ನೆಲ್ಲ ತುಂಬಿತು. ಹಲ್ಲೂ ಇಲ್ಲ, ಬುಂದೆಯೂ ಇಲ್ಲ, ಹೋಳಿಗೆಯಂತೂ ಎಲ್ಲಿ ಕರಗಿತೋ.

ಬಡಿಸುವವರು ಬಕೆಟ್ ಕೆಳಗಿಟ್ಟರು. ನಿಂಗವ್ವ ಎದ್ದು ನಿಂತು ತಲೆಯ ಮೇಲೆ ಸೆರಗು ಹೊದ್ದು, ಸಾರು ಮೆತ್ತಿದ ಕೈಯನ್ನೇ ಮುಗಿದಳು. ಅವಳನ್ನು ನೋಡಿ ಇಡೀ ಪಂಕ್ತಿ ಎದ್ದು ಕೈ ಮುಗಿಯಿತು.

"ಅಗಬಾಯಿ, ಕಿತಿ ಛಾನ್ ಭಜನಿ," ಎಷ್ಟು ಚಂದದ ಭಜನೆ ಎಂದು ಮರಾಠಿ ಬೆರೆಸಿ ಹೊಗಳುತ್ತ ನಿಂಗವ್ವ ಕಣ್ಣೊರೆಸಿಕೊಂಡಳು. "ಬೀಗತಿ ಬಂದಾಳ ಅಂತ ನನ್ನ ಹೆಸರಿಲೆ ದೇವರನ್ನ ಕರದಾರ. ಎಷ್ಟ ದೊಡ್ಡ ಮನಸಿನ ಮಂದಿ!"

ಕಾಶವ್ವನ ಮುಖ ನೋಡುವಂತಿರಲಿಲ್ಲ. ಜೀವಮಾನದಲ್ಲಿ ಆಕೆ ಎಷ್ಟೋ ಬೀಗರನ್ನು ಬೈದಿದ್ದಳು, ಬೈಸಿಕೊಂಡವರು ಕೈ ಮುಗಿದದ್ದು ಇದೇ ಮೊದಲು. ರಾಮಲಿಂಗ ಬೆವತು ಹೆಂಡತಿಯ ಕಡೆ ತಿರುಗಿದ.

"ಯಾರರ ಮುಟ್ಟೀರೇನ ಮಷೀನು?"

"ನಾ ಏನೂ ಮುಟ್ಟಿಲ್ಲರಿ. ಕೆಂಪ ದೀಪ ಸುಮ್ನ ಉರೀತಿತ್ತು, ಆರಿಸೇನಿ ಅಷ್ಟ."

"ಆರಿಸಿದ್ರ ಗುಂಗು ಹೋಗಬೇಕು. ಬಂತ್ಯಾಕ?"

"ಹಂಗಾರ ದೀಪ ಉರಿಯೂಮುಂದ ಅದು ಬಂದ್ ಇತ್ತು," ಎಂದಳು ಪ್ರಮಿಳಾ ನಿಧಾನವಾಗಿ. "ಮತ್ತ ಇಷ್ಟ ದಿನಾ ಗುಡಿ ಬಂತು, ಗವಿ ಬಂತು ಅಂತ ನೀವು ಏನ ಕೇಳಿದ್ರಿ? ನಾ ಸುಳ್ಳ ಸುಳ್ಳ ಕಿವ್ಯಾಗ ಎಣ್ಣಿ ಬಿಟ್ಕೊಂಡೆ."

ರಾಮಲಿಂಗ ಚಾಳೀಸು ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ.

ಅಷ್ಟರಲ್ಲಿ ಕಾಶವ್ವ ಎದ್ದಳು. "ಆ ಡಬ್ಬಿ ಬಂದ್ ಮಾಡ್ರಿ," ಎಂದಳು. ಕಂಬಕ್ಕೆ ಕೈ ಊರಿ ನಿಂತು, ಇದ್ದಷ್ಟು ಉಸಿರನ್ನು ಕೂಡಿಸಿಕೊಂಡು ಹೊಸದೊಂದು ಹಾಡು ಎತ್ತಿದಳು.

"ಶಾಣ್ಯಾ ಅಳಿಯಾ ಮಷೀನ ತಂದಾನ,
ಅತ್ತಿಯ ದನಿಯನ್ನ ಬಾವ್ಯಾಗ ಒಗದಾನ."

ಮಂಟಪ ಗೊಳ್ಳೆಂದು ನಕ್ಕಿತು. ಆ ನಗು ನಿಲ್ಲುವವರೆಗೆ ಕಾಶವ್ವನಿಗೆ ಉಸಿರು ತೆಗೆದುಕೊಳ್ಳಲು ಬೇಕಾದಷ್ಟು ಹೊತ್ತು ಸಿಕ್ಕಿತು. ಬೀಗರ ಹಾಡಿಗೆ ನಗುವೇ ಬಿಡುವು ಎಂಬುದು ಕೆಮ್ಮನ್ನೂ ಬಿಡುವನ್ನೂ ಕತ್ತರಿಸಿ ಎಸೆದಿದ್ದ ರಾಮಲಿಂಗನಿಗೆ ಹೊಳೆದೇ ಇರಲಿಲ್ಲ.

"ಬೈಗಳ ಹಾಡಿಗೆ ಕೈ ಮುಗಿಸ್ಯಾನ,
ಬೀಗರ ಮುಂದ ನಿಂತ ಬೆವತಾನ."

ತಾನು ಕೈ ಮುಗಿದದ್ದು ಯಾವುದಕ್ಕೆ ಎಂದು ನಿಂಗವ್ವನಿಗೆ ಆಗ ತಿಳಿಯಿತು. ಹಾಗಾದರೆ ಆ ಹಾಡಿನಲ್ಲಿ ಏನಿತ್ತು ಎಂದು ಕೇಳಿದಳು. ಕಾಶವ್ವ ಹಲ್ಲು, ಬುಂದೆ, ಹೋಳಿಗೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹಾಡಿದಳು. ನಿಂಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕು, ಕೂತಲ್ಲಿಂದಲೇ ತಿರುಗಿ ಕೊಟ್ಟಳು: "ಹಲ್ಲಿಲ್ಲದಿದ್ದರ ಏನಾತ ಬೀಗತಿ, ಗುಂಜಿಯ ಹೋಳಿಗಿ ಜಗಿಯೂದ ಬ್ಯಾಡ. ಹೂರಣ ಕಡಿಮಿ, ಗಾಳಿ ಭಾಳ, ಊದಿದರ ಹಾರತಾವ." ಹೀಗೆ ಇಬ್ಬರು ಮುದುಕಿಯರು ಅನ್ನ ಆರುವವರೆಗೆ ಬೈದಾಡಿದರು. ಕೊನೆಗೆ ನಿಂಗವ್ವನೇ, "ಸಾಕ ತಾಯಿ, ಸೋತೆ" ಎಂದು ಕಾಶವ್ವನ ಬಾಯಿಗೆ ಹೋಳಿಗೆ ತುರುಕಿದಳು. ಗುಂಜಿಯ ಮಾನ ಉಳಿಯಿತು.

ರಾಮಲಿಂಗ ಮಾತ್ರ ಅಡಿಗೆಯವರ ಹಿಂದೆ, ಖಾಲಿ ಕೊಪ್ಪರಿಗೆಗಳ ನಡುವೆ ಅಡಗಿ ನಿಂತಿದ್ದ. ಮಕ್ಕಳು ಆಗಲೇ "ಶಾಣ್ಯಾ ಅಳಿಯಾ" ಎಂದು ಹಾಡುತ್ತ ಓಡಾಡುತ್ತಿದ್ದವು. ಅವನನ್ನು ಹುಡುಕಿಕೊಂಡು ಕಾಶವ್ವ ತಾನೇ ಬಂದಳು. ಈ ಸಲ ಮಗಳ ಕಡೆ ಮುಖ ಮಾಡಲಿಲ್ಲ. ನೇರ ಅವನ ಮುಂದೆ ನಿಂತು, ಅವನ ಕೈಗೆ ತುಪ್ಪ ಸುರಿದ ಹೋಳಿಗೆಯ ತಾಟು ಕೊಟ್ಟಳು.

"ತಪ್ಪ ಆತರಿ, ಅತ್ತಿ," ಎಂದ ರಾಮಲಿಂಗ, ನೆಲ ನೋಡುತ್ತ.

"ತಪ್ಪ ಎಲ್ಲಿದು?" ಎಂದಳು ಕಾಶವ್ವ. "ನೀವು ಮನಿಗೆ ಬಂದಾಗಿಂದ ನಿಮ್ಮ ಮ್ಯಾಲ ಒಂದರ ಹಾಡ ಕಟ್ಟಬೇಕಂತ ಕಾಯಾಕತ್ತಿದ್ದೆ. ಕುಡಿಯೂದಿಲ್ಲ, ಜಗಳಾಡೂದಿಲ್ಲ, ನೆಟ್ಟಗ ಕುಂತು ನೆಟ್ಟಗ ಏಳತೀರಿ. ಹಿಡಕೋಳಾಕ ಏನೂ ಸಿಕ್ಕಿದ್ದಿಲ್ಲ. ಇವತ್ತ ಒಂದ ಏಟಿಗೆ ಸಾಯೂತನಕ ಹಾಡೂವಷ್ಟ ಕೊಟ್ರಿ. ಶಾಬಾಸ್, ಅಳಿಯಾ!"