ನಮ್ಮಣ್ಣನಿಗಿಲ್ಲದ ಸೈಟೇಶನ್

ನಮ್ಮಣ್ಣನ ತಲೆಯಲ್ಲಿ ಮಿದುಳಿದೆಯೋ ಇಲ್ಲವೋ ಎಂಬುದು ನನ್ನ ಬಹುಕಾಲದ ಅನುಮಾನ. ಇಪ್ಪತ್ತು ವರ್ಷದಿಂದ ಮಿದುಳಿನ ಮೇಲೇ ಸಂಶೋಧನೆ ಮಾಡುತ್ತಿರುವವನ ಬಗ್ಗೆ ತಂಗಿಯಾದವಳು ಹೀಗೆ ಬರೆಯಬಾರದು, ನಿಜ. ಆದರೆ ಪೂರ್ತಿ ಕೇಳಿ, ಆಮೇಲೆ ನನ್ನನ್ನು ಬಯ್ಯಿರಿ!

ಯಾರ ಪಾಲು ಎಷ್ಟೋ ಅವರಿಗೆ ಅಷ್ಟು ಹೆಸರು ಸಲ್ಲಬೇಕು ಎಂಬುದು ಅವನ ಹುಚ್ಚು. ನನ್ನನ್ನು ನೋಡಲು ಗದ್ವಾಲದಿಂದ ಗಂಡಿನ ಕಡೆಯವರು ಬಂದಿದ್ದರು. ಹೋಳಿಗೆ ತಿಂದ ಹಿರಿಯರು, "ಭಾಳ ಚೊಲೊ ಆಗ್ಯಾವ, ಯಾರು ಮಾಡ್ಯಾರ?" ಅಂದರು. ಅವ್ವ, "ನಮ್ಮ ಹುಡುಗಿನೇ ರೀ" ಅಂದಳು. ಅಣ್ಣನಿಗೆ ತಡೆಯಲಾಗಲಿಲ್ಲ.

"ಇಲ್ರಿ, ಹೂರಣ ರುಬ್ಬಿದ್ದು ಬಾಜೂ ಮನಿ ಶಾಂತಮ್ಮ, ಲಟ್ಟಿಸಿದ್ದು ನಮ್ಮವ್ವ. ನಮ್ಮ ತಂಗಿ ತಾಟಿನ್ಯಾಗ ಹಾಕ್ಯಾಳ, ಅಷ್ಟ!"

ಆ ಸಂಬಂಧ ತಪ್ಪಿತೆಂದು ಬೇರೆ ಹೇಳಬೇಕೆ?

ಇಂಥವನು ವಿಜ್ಞಾನಿಯಾದ. ಅಲ್ಲಿನ ಪದ್ಧತಿ ಹೀಗಂತೆ: ಒಬ್ಬರು ಬರೆದ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧದಲ್ಲಿ ಹೆಸರಿಸಬೇಕು. ಅದಕ್ಕೆ ಸೈಟೇಶನ್ ಎಂದು ಹೆಸರು. ಎಷ್ಟು ಜನ ಹೆಸರಿಸುತ್ತಾರೋ ಅಷ್ಟು ದೊಡ್ಡ ವಿಜ್ಞಾನಿ! ಅಣ್ಣನ ಜೊತೆಯ ಹತ್ತು ಜನ ಸೇರಿ ಒಂದು ಗುಂಪು ಕಟ್ಟಿಕೊಂಡರು, ನೀನು ನನ್ನ ಹೆಸರು ಹಾಕು, ನಾನು ನಿನ್ನ ಹೆಸರು ಹಾಕುತ್ತೇನೆ ಅಂತ. ಅಣ್ಣನನ್ನೂ ಕರೆದರು. ಇವನು ಒಲ್ಲೆ ಅಂದ. ಸುದ್ದಿ ಮಖ್ತಲ್‌ನ ನಮ್ಮ ಮನೆ ಮುಟ್ಟಿತು.

"ಅದು ಮದಿವಿ ಆಯೇರಿ ಇದ್ದಂಗಪಾ," ಅವ್ವ ಫೋನಿನಲ್ಲಿ ತಿಳಿಹೇಳಿದಳು. "ಅವರು ಒಂದು ಸೀರಿ ಕೊಡ್ತಾರ, ನೀನೂ ಒಂದು ಕೊಡು. ನಿನ್ನ ಗಂಟೇನು ಹೋಗ್ತೈತಿ?"

"ಅವರು ಬರದದ್ದು ನಾ ಓದೇ ಇಲ್ಲವ್ವ."

"ಆಯೇರಿ ಸೀರಿ ಯಾರು ಉಡ್ತಾರೋ ಖೋಡಿ? ಮಡಿಕಿ ಬಿಚ್ಚಲಾರದ ಮುಂದಿನ ಮದಿವಿಗೆ ದಾಟಸ್ತಾರ!"

ಅವ್ವನ ಮಾತು ಸುಳ್ಳಲ್ಲ. ನಾವು ಕೊಟ್ಟಿದ್ದ ಗಿಳಿಹಸಿರು ನಾರಾಯಣಪೇಟೆ ಸೀರೆಯೊಂದು ಧನ್ವಾಡ, ಗದ್ವಾಲ ಎಲ್ಲ ಸುತ್ತಿ, ಮೂರು ವರ್ಷಕ್ಕೆ ಮಡಿಕೆ ಮುರಿಯದೆ ನಮ್ಮ ಮನೆಗೇ ವಾಪಸು ಬಂತು. ಆ ಸೀರೆಗಿರುವಷ್ಟು ಸೈಟೇಶನ್ ನಮ್ಮಣ್ಣನಿಗಿಲ್ಲ!

ಅವನು ಜೀವ ತೇಯ್ದ ಕೆಲಸ ಒಂದಿದೆ. ನಡುಗುವ ರೋಗದ ಕೆಲವರಿಗೆ ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿದ ಹಾಗಾಗುತ್ತದೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ, ಅದನ್ನು ದಾಟಲು ಅದೇ ಕಾಲು ಎದ್ದು ಬರುತ್ತದೆ. ಅಣ್ಣ ಸುಣ್ಣದ ಡಬ್ಬಿ ಹಿಡಿದು ಎರಡು ವರ್ಷ ರಾಜೋಳಿಯಲ್ಲಿ ಅಂಥ ರೋಗಿಗಳ ಮನೆಮನೆಯಲ್ಲಿ ಗೆರೆ ಎಳೆದ. ಗೋಡೆ ಬಿಟ್ಟು ನೆಲಕ್ಕೆ ಸುಣ್ಣ ಬಳಿಯುವವನನ್ನು ಊರು ಏನೆಂದೀತು? ಕಂಡದ್ದನ್ನೆಲ್ಲ ಪ್ರಬಂಧ ಬರೆದು ಅಚ್ಚು ಹಾಕಿಸಿದ. ಅದನ್ನು ಹೆಸರಿಸಿದ ಪ್ರಬಂಧಗಳು ಎರಡೇ ಎರಡು. ಎರಡನ್ನೂ ಬರೆದವನು ಅವನೇ!

ಈ ವರ್ಷ ಪ್ರೊಫೆಸರ್ ಹುದ್ದೆ ತಪ್ಪಿತು. ಅದು ದಕ್ಕಿದ್ದು ಆ ಆಯೇರಿ ಗುಂಪಿನವನಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಊರಿಗೆ ಬಂದವನನ್ನು ಬಾಯಿಗೆ ಬಂದಂತೆ ಬಯ್ದೆ. "ಯಾರಿಗೂ ಬೇಡಾದ ಗೆರಿ ಎಳಕೋತ ಕುಂತಿ!" ಅಂದುಬಿಟ್ಟೆ. ಅವನು ತಲೆ ತಗ್ಗಿಸಿ, "ಖರೇ ಐತಿ ತಂಗಿ. ಇನ್ನ ಸಂಶೋಧನಾ ಸಾಕು. ಪಾಠ ಹೇಳಿಕೋತ ಇದ್ದುಬಿಡ್ತೀನಿ" ಅಂದ. ಆ ಮಾತು ಕೇಳಿ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು.

ಮರುವಾರ ಚಿಕ್ಕಪ್ಪನ ಮಗಳ ಮದುವೆಗೆ ಕರೆಯಲು ನಾನೂ ಅಣ್ಣನೂ ಮಾನೋಪಾಡಿನ ದೂರದ ಬಳಗದವರಲ್ಲಿಗೆ ಹೋದೆವು. ಪಡಸಾಲೆಯಲ್ಲಿ ಮಂಚದಿಂದ ಹೊಸ್ತಿಲ ತನಕ ಸುಣ್ಣದ ಅಡ್ಡಗೆರೆಗಳು! ಮುದುಕರೊಬ್ಬರು ಒಂದೊಂದೇ ದಾಟುತ್ತ ಬಂದು, "ಕುಂದರ್ರಿ" ಅಂದರು.

"ಈ ಗೆರಿ ಯಾರು ಹೇಳಿಕೊಟ್ರು?" ಅವರ ಸೊಸೆಯನ್ನು ಕೇಳಿದೆ.

"ರಾಜೋಳಿ ದವಾಖಾನಿ ನರ್ಸಮ್ಮ ರೀ. ಆಕಿಗೆ ಯಾರು ಹೇಳ್ಯಾರೋ, ಯಾರಿಗ್ಗೊತ್ತು?"

ಯಾರಿಗ್ಗೊತ್ತಂತೆ! ಹೆಸರು ಹೇಳಿಬಿಡೋಣವೆಂದು ಬಾಯಿ ತೆರೆದು ಅಣ್ಣನ ಕಡೆ ತಿರುಗಿದೆ. ಅವನು ಆಗಲೇ ಕುಕ್ಕರಗಾಲಲ್ಲಿ ಕೂತು ಗೆರೆಗಳ ನಡುವೆ ಗೇಣು ಹಾಕುತ್ತಿದ್ದ.

"ಇಷ್ಟು ಹತ್ತಿರ ಯಾಕ ಎಳದೀರಿ?"

"ಮಾವನ ಹೆಜ್ಜಿ ಸಣ್ಣದ್ರಿ. ನರ್ಸಮ್ಮ ಹೇಳಿದಷ್ಟು ದೂರ ಎಳದ್ರ ಮುಗ್ಗರಸ್ತಿದ್ರು. ಅವರ ಹೆಜ್ಜಿ ನೋಡಿ ನಾನೇ ಕಡಿಮಿ ಮಾಡೀನಿ. ಈಗ ಬೀಳಂಗಿಲ್ರಿ."

ಅಣ್ಣನ ಕಣ್ಣು ತುಂಬಿಬಂತು. ಜೇಬಿನಿಂದ ಪೆನ್ನು ತೆಗೆದ.

"ಇದು ನನಗ ಹೊಳದಿದ್ದಿಲ್ಲಮ್ಮ. ಮುಂದ ಬರಿಯೋದ್ರಾಗ ಹಾಕಬೇಕು. ನಿಮ್ಮ ಪೂರಾ ಹೆಸರು ಹೇಳ್ರಿ."

ಆಕೆ ನಾಚಿ ಸೆರಗು ಸರಿಮಾಡಿಕೊಂಡು ಹೆಸರು ಹೇಳಿದಳು. ಅವನು ಮೂರು ಸಲ ಕೇಳಿ, ತಪ್ಪಿಲ್ಲದೆ ಬರೆದುಕೊಂಡ. ನನಗೆ ಅಳು ತಡೆಯಲಾಗಲಿಲ್ಲ.