ದಪ್ಪಮೆಣಸಿನಕಾಯಿಯ ಆರೋಗ್ಯ ತಪಾಸಣೆ

ಬೆಳೆ ಆರೋಗ್ಯ ಇಲಾಖೆಯ ಸಮಸ್ತ ಸಿಬ್ಬಂದಿಯೂ ನನ್ನ ನಾದಿನಿಯ ಹಸಿರುಮನೆಯೊಳಗೆ ಕ್ಷೇಮವಾಗಿದ್ದಾರೆ ಎಂಬುದನ್ನು ಮೊದಲಿಗೆ ತಿಳಿಸಬೇಕು. ನನಗಿದನ್ನು ಹೇಳಿದವಳು ನಾದಿನಿಯೇ. ಅವಳು ಉಪ್ಪುಖಾರ ಹಚ್ಚಿ ಹೇಳುವವಳಲ್ಲ. ಅಷ್ಟು ಬಿಡುವೂ ಅವಳಿಗಿಲ್ಲ.

ಹಸಿರುಮನೆಯ ಕುಂಡಗಳಲ್ಲಿ ಅವಳು ದಪ್ಪಮೆಣಸಿನಕಾಯಿ ಬೆಳೆದಿದ್ದಳು. ಕೆಂಪು, ಹಳದಿ, ಎಣ್ಣೆ ಹಚ್ಚಿ ಒರೆಸಿದಂಥ ಹೊಳಪು. ಆರೋಗ್ಯ ಪ್ರಮಾಣಪತ್ರ ಇಲ್ಲದೆ ಒಂದು ಕಾಯನ್ನೂ ಮುಟ್ಟುವುದಿಲ್ಲ ಎಂದಿದ್ದ ವ್ಯಾಪಾರಿ ವಾರದೊಳಗೆ ಬರುವವನಿದ್ದ. ತಡವಾದರೆ ಇಡೀ ಬೆಳೆ ಗಿಡದಲ್ಲೇ ಮೆತ್ತಗಾಗುತ್ತಿತ್ತು.

ಇಲಾಖೆಯ ತಪಾಸಕರೊಬ್ಬರು ಬಂದರು. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೊದಲ ಬಾಗಿಲು ಮುಚ್ಚಿ, ಎರಡನೆಯದನ್ನು ತೆರೆದು ಒಳಹೊಕ್ಕು, ಒಂದು ಎಲೆ ತಿರುವಿ ನೋಡಿ, ಸೀನಿದರು.

ನಿಯಮ ಸ್ಪಷ್ಟವಾಗಿತ್ತು: ‘ಹಸಿರುಮನೆಯೊಳಗೆ ರೋಗಲಕ್ಷಣ ಕಂಡುಬಂದಲ್ಲಿ, ಮೇಲಧಿಕಾರಿಯು ಖುದ್ದು ಪರಿಶೀಲಿಸುವ ತನಕ ಒಳಗಿರುವ ಯಾವ ವ್ಯಕ್ತಿಯೂ ಹೊರಹೋಗತಕ್ಕದ್ದಲ್ಲ.’ ಲಕ್ಷಣ ಗಿಡದ್ದೇ ಆಗಿರಬೇಕೆಂದು ಎಲ್ಲೂ ಬರೆದಿರಲಿಲ್ಲ.

“ಶೀತ ಆಗಿರೋದು ನಿಮಗೆ ಸಾರ್, ಗಿಡಕ್ಕಲ್ಲ,” ಎಂದಳು ನಾದಿನಿ, ಬಾಗಿಲಾಚೆಯಿಂದ.

“ಅದನ್ನ ತೀರ್ಮಾನ ಮಾಡೋ ಅಧಿಕಾರ ನನಗಿಲ್ಲಮ್ಮ.”

ಪರಿಶೀಲನೆಗೆ ಮೇಲಧಿಕಾರಿ ಬಂದರು. ಒಳಹೊಕ್ಕ ಮೇಲೆ ಅವರೂ ಒಳಗಿನವರೇ ಆದರು. ಅವರನ್ನು ಪರಿಶೀಲಿಸಲು ಅವರ ಮೇಲಧಿಕಾರಿ, ಟಿಪ್ಪಣಿ ಬರೆಯಲು ಗುಮಾಸ್ತರು, ಕಡೆಗೆ ನಿರ್ದೇಶಕರು. ನಿರ್ದೇಶಕರಿಗೆ ಮೇಲಧಿಕಾರಿಯೇ ಇಲ್ಲದ್ದರಿಂದ ಹೊರಬರುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮೊಹರು ಮಾತ್ರ ಕಚೇರಿಯ ಮೇಜಿನ ಮೇಲೇ ಉಳಿಯಿತು.

ಯಾರೂ ಗೊಣಗಲಿಲ್ಲ. ಕಚೇರಿಯಲ್ಲಿ ಫ್ಯಾನು ತಿರುಗಿದ್ದನ್ನು ಕಂಡವರಿಲ್ಲ. ಇಲ್ಲಿ ಹದವಾದ ಬೆಳಕು, ಹೊತ್ತುಹೊತ್ತಿಗೆ ಮಂಜಿನಂಥ ತುಂತುರು. ಗುಮಾಸ್ತರ ಕೆಮ್ಮು ನಿಂತಿತು. ನಿರ್ದೇಶಕರ ಕೆನ್ನೆಗೆ ಬಣ್ಣ ಬಂತು.

ನಾದಿನಿಯ ಕಾಯಿಗಳಿಗೂ ಬಣ್ಣ ಪೂರ್ತಿ ಬಂದಿತ್ತು. ವ್ಯಾಪಾರಿ ಬರುವುದು ಮರುದಿನ. ಪ್ರಮಾಣಪತ್ರ ಕೊಟ್ಟುಬಿಡಿ ಎಂದು ಅವಳು ಗೋಗರೆದಳು. ಅದನ್ನು ಕಚೇರಿಯಲ್ಲೇ ಕೊಡಬೇಕು, ಕಚೇರಿಗೆ ತಾವು ಹೋಗುವಂತಿಲ್ಲ ಎಂದು ನಿರ್ದೇಶಕರು ವಿಷಾದಿಸಿದರು. ಅಷ್ಟಕ್ಕೇ ಬಿಡದೆ ಸುತ್ತೋಲೆಯನ್ನೂ ಹೊರಡಿಸಿದರು: ‘ಇಕ್ಕಟ್ಟಿನಿಂದಾಗಿ ಸಿಬ್ಬಂದಿಯ ಬೆಳವಣಿಗೆ ಕುಂಠಿತವಾಗುತ್ತಿದ್ದು, ಗಿಡಗಳನ್ನು ಖಾಲಿ ಇರುವ ಇಲಾಖಾ ಕಟ್ಟಡಕ್ಕೆ ಕೂಡಲೇ ಸ್ಥಳಾಂತರಿಸತಕ್ಕದ್ದು. ನಿರ್ಬಂಧವು ವ್ಯಕ್ತಿಗಳಿಗೆ ಮಾತ್ರ.’

ಒಳಗಿನವರು ಬಾಗಿಲಾಚೆ ದಾಟಿಸಿದ ಗಿಡಗಳನ್ನು ನಾದಿನಿ ತಳ್ಳುಗಾಡಿಯಲ್ಲಿ ಕಚೇರಿಗೆ ಸಾಗಿಸಿ, ಕುರ್ಚಿಗೊಂದರಂತೆ ಕೂರಿಸಿದಳು. ಒಡೆದ ಚಾವಣಿಯಿಂದ ಬಿಸಿಲು, ಸೋರುವ ಪೈಪಿನಿಂದ ಹನಿ ನೀರು. ಏನೂ ಕೊರತೆಯಿರಲಿಲ್ಲ. ಗೋಡೆಯ ಮೇಲೊಂದು ಹಳೆಯ ಆದೇಶ ತೂಗುತ್ತಿತ್ತು: ‘ಅಧಿಕಾರಿಯ ಗೈರುಹಾಜರಿಯಲ್ಲಿ, ಅವರ ಕುರ್ಚಿಯಲ್ಲಿ ಇರುವವರೇ ಪ್ರಭಾರ ಅಧಿಕಾರಿ.’ ನಿರ್ದೇಶಕರ ಕುರ್ಚಿಯಲ್ಲಿದ್ದದ್ದು ಹಳದಿ ಕಾಯಿಯ ಗಿಡ. ನಾದಿನಿ ಅದರ ಕೊಂಬೆಗೆ ಮೊಹರು ಕಟ್ಟಿ, ಮೆಲ್ಲಗೆ ಬಗ್ಗಿಸಿ, ಪ್ರಮಾಣಪತ್ರದ ಮೇಲೆ ಒತ್ತಿಸಿದಳು.

ವ್ಯಾಪಾರಿ ಮೊಹರನ್ನು ಬೆಳಕಿಗೆ ಹಿಡಿದು ನೋಡಿದ. “ಈ ಸಲ ಬೇಗ ಕೊಟ್ಟಿದ್ದಾರಲ್ಲಕ್ಕ,” ಅಂದ. ಒಂದು ಕಾಯಿ ಬಿಡದೆ ಕೊಂಡ.

ಈಗ ಕಚೇರಿಯ ಮುಂದೆ ಬೆಳಗಾಗುತ್ತಲೇ ಸಾಲು. ಹೊಸ ನಿರ್ದೇಶಕರು ಊಟಕ್ಕೆಂದು ಏಳುವುದಿಲ್ಲ, ನಾಳೆ ಬಾ ಅನ್ನುವುದಿಲ್ಲ. ಹಿಂದಿನವರು ಸಹಿಗೊಂದು ಬುಟ್ಟಿ ಕಾಯಿ ತೆಗೆದುಕೊಳ್ಳುತ್ತಿದ್ದರು. ಇವರೇ ಕಾಯಿ ಕೊಡುತ್ತಾರೆ.

ಮೊನ್ನೆ ವ್ಯಾಪಾರಿ ಹಸಿರುಮನೆಯೊಳಗಿನ ಸಿಬ್ಬಂದಿಯನ್ನು ಇಣುಕಿ ನೋಡಿ, ಫಸಲು ಚೆನ್ನಾಗಿದೆ, ಇವರು ಕೊಯ್ಲಿಗೆ ಬರುವುದು ಯಾವಾಗ ಎಂದು ಕೇಳಿದನಂತೆ.

“ಪ್ರಮಾಣಪತ್ರ ಆಗಬೇಕಲ್ಲಪ್ಪ,” ಎಂದಳಂತೆ ನಾದಿನಿ. “ಅರ್ಜಿ ಕೊಟ್ಟಿದ್ದಾರೆ. ಹೊಸ ಸಾಹೇಬ್ರ ಮುಂದಿದೆ.”

ನೀವೂ ಇದನ್ನು ಬೇಕಾದವರಿಗೆಲ್ಲ ಹೇಳಿ. ಸೀನು ಬಂದರೆ ಮಾತ್ರ, ದಯವಿಟ್ಟು, ಬಾಗಿಲಾಚೆಯೇ ನಿಂತು ಸೀನಿ.