ಮಾಮಾ ಕ್ಲಚ್ಚಿನ ಗಾಳಿ ತೆಗೆದದ್ದು

ನಮ್ಮ ಮಾಮಾ ಬಿಚ್ಚದೆ ಬಿಟ್ಟಿರುವ ವಸ್ತು ಬೆಟಗೇರಿಯಲ್ಲಿ ಒಂದೇ ಒಂದು: ಮಾಮಿಯ ಮೂಗುಬಟ್ಟು. ಮದುವೆಯಾದ ಹೊಸದರಲ್ಲಿ ಅದಕ್ಕೂ ಕೈ ಹಾಕಿದ್ದರಂತೆ! ಪ್ರೀತಿಯಿಂದಲ್ಲ, ಅದರ ತಿರುಪು ಎಡಕ್ಕೋ ಬಲಕ್ಕೋ ಎಂದು ನೋಡಲು.

ಇವರು ನನ್ನ ಅವ್ವನ ತಮ್ಮ. "ಒಳಗ ಏನೈತಿ?" ಎಂಬುದೊಂದೇ ಇವರ ಬದುಕಿನ ಪ್ರಶ್ನೆ. ಒಮ್ಮೆ ಗದಗಿನ ದವಾಖಾನೆಯಲ್ಲಿ ಡಾಕ್ಟರು ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿ, ಫೋನು ಬಂತೆಂದು ಆಚೆ ಹೋದರು. ತಿರುಗಿ ಬರುವಷ್ಟರಲ್ಲಿ ಯಂತ್ರ ಮೇಜಿನ ಮೇಲೆ ನಾಲ್ಕು ಭಾಗವಾಗಿ ಮಲಗಿತ್ತು.

"ನನ್ನ ಬಿಪಿ ಎಷ್ಟೈತ್ರಿ ಡಾಕ್ಟರ?"

"ನಿಮ್ದು ಗೊತ್ತಿಲ್ರಿ. ನಂದು ಏರೈತಿ!"

ಇಂಥವರು ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದರು. ಕೆಂಪು ಬಣ್ಣ, ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಓಣಿಯ ಎಮ್ಮೆ ಅದನ್ನು ತಲೆ ಬಗ್ಗಿಸಿ ನೋಡುತ್ತಿತ್ತು. "ಇಬ್ಬರ ಕುಂಡ್ರೂ ಗಾಡ್ಯಾಗ ಮನಿಮಂದಿ ಹೆಂಗ್ರಿ ಹೋಗೂದು?" ಎಂದು ಮಾಮಿ ಕೇಳಿದರೆ, "ಪಾಳಿ ಹಚ್ಚಿ" ಎಂದರು ಮಾಮಾ. ಅವರ ಪಾಳಿ ಮಾತ್ರ ಎಂದೂ ತಪ್ಪಲಿಲ್ಲ!

ಲಕ್ಷ್ಮೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಾಹೇಬರೊಬ್ಬರು ಮಾಮಾನ ಶಾಲೆಯ ಗೆಳೆಯರು. ಅವರ ಮಗನ ನಿಕಾಹ್ ಶಿಗ್ಲಿಯಲ್ಲಿ. ಮದುಮಗ ಈ ಕೆಂಪು ಕಾರಿನಲ್ಲೇ ಬರಬೇಕೆಂದು ಹಟ ಹಿಡಿದಿದ್ದ; ಮಾಮಾ ಮಾತು ಕೊಟ್ಟಿದ್ದರು. ನಿಕಾಹಿನ ಹಿಂದಿನ ದಿನ ಮುಂಜಾನೆ ಕ್ಲಚ್ ತುಳಿದರೆ ಪೆಡಲು ಬೆಣ್ಣೆಯಲ್ಲಿ ಕಾಲಿಟ್ಟಂತೆ ಸೀದಾ ತಳಕ್ಕೆ ಹೋಯಿತು. ಗೇರು ಹಾಕಿದರೆ ಕರ್ರೋ ಎಂದು ಹಲ್ಲು ಕಡಿಯಿತು. ಅದೇ ಹೊತ್ತಿಗೆ ಸಾಹೇಬರ ಫೋನು.

"ದೋಸ್ತ, ಗಾಡಿ ತಯಾರ ಐತಿಲ್ಲೊ?"

"ಪೂರಾ ತಯಾರ ಐತಿ. ಗೇರ್ ಒಂದ ಬೀಳವಲ್ದು."

ಗ್ಯಾರೇಜಿನವನೊಬ್ಬ ಬಂದು ಬಗ್ಗಿ ನೋಡಿ, "ಇದು ನಮ್ಮ ಕಡೆ ಗಾಡಿ ಅಲ್ರಿ" ಎಂದು ಹೋದ. ಮಾಮಾನ ಮುಖ ಅರಳಿತು! ಬೇರೆಯವರು ಕೈ ಬಿಟ್ಟರೆಂದರೆ ಬಿಚ್ಚುವ ಹಕ್ಕು ಇವರದಾಯಿತಲ್ಲ!

ವಿಷಯ ಸರಳವಂತೆ. ಪೆಡಲು ಒತ್ತಿದರೆ ಬ್ರೇಕ್ ಆಯಿಲೆಂಬ ಎಣ್ಣೆ ನಳಿಕೆಯೊಳಗೆ ಓಡಿ ಗೇರ್‌ಬಾಕ್ಸಿನ ಬಳಿ ಕ್ಲಚ್ಚನ್ನು ತಳ್ಳಬೇಕು. ನಳಿಕೆಯಲ್ಲಿ ಗಾಳಿ ಸೇರಿದರೆ ತಳ್ಳುವುದಿಲ್ಲ. ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬ ಮೇಲೆ ಕುಳಿತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ತಿರುಪು ಸಡಿಲಿಸಿ, ಗಾಳಿ ಬಿಟ್ಟು, ಬಿಗಿಯಬೇಕು. ಆಮೇಲೆಯೇ ಪೆಡಲು ಬಿಡಬೇಕು. ತಿರುಪಿಗೆ ಸಿಕ್ಕಿಸಲು ಔಷಧಿ ಅಂಗಡಿಯಿಂದ ಸಲೈನ್ ನಳಿಕೆ ಬಂತು, ಜೊತೆಗೆ ಎಣ್ಣೆ ತುಂಬಲು ಎರಡು ಸಿರಿಂಜು. ನಳಿಕೆಯಿಂದ ಹೊರಬರುವ ಎಣ್ಣೆ ಹಿಡಿಯಲು ಮಾಮಿಯ ಉಪ್ಪಿನಕಾಯಿ ಬಾಟಲಿ ಹೇಳದೆ ಕೇಳದೆ ಬಂತು. ಗಾಲಿಗೆ ಅಡ್ಡ ಕಲ್ಲಿಟ್ಟು, ಕಾರನ್ನು ಎತ್ತಿ ಗಟ್ಟಿ ದಿಮ್ಮಿಗಳ ಮೇಲೆ ಕೂರಿಸಿ ಮಾಮಾ ಅಡಿಗೆ ಸೇರಿದರು. ಪೆಡಲಿಗೆ ನಾನು.

"ಒತ್ತು!" ಒತ್ತಿದೆ.

"ಬಿಡಬ್ಯಾಡ!"

ಕಾರಿನ ಅಡಿಯಿಂದ ಬರುವ ಮಾತು ಕಂತಿನಲ್ಲಿ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ನನಗೆ ಮೊದಲು "ಬಿಡ" ಕೇಳಿಸಿತು. ಬಿಟ್ಟೆ. "ಬ್ಯಾಡ" ಬಂದು ಮುಟ್ಟುವಷ್ಟರಲ್ಲಿ ಹೊರಗೆ ಹೋಗಬೇಕಿದ್ದ ಗಾಳಿ ಮತ್ತೆ ಒಳಗೆ!

"ಏ ಮಂಗ್ಯಾ, ಬಿಡಬ್ಯಾಡ ಅಂದ್ರ ಯಾಕ ಬಿಟ್ಟಿ?"

"ಬಿಡು ಅಂದಂಗ ಕೇಳಿಸ್ತು ಮಾಮಾ."

ಮುಂದಿನ ಸಲ "ಬಿಡು" ಎಂದರು; ನಾನು ಹಿಡಿದೇ ಕುಳಿತೆ. "ಮತ್ತ ಬಿಡು ಅಂದಾಗ ಯಾಕ ಹಿಡಕೊಂಡಿ?"

ಮಧ್ಯಾಹ್ನದವರೆಗೆ ಹೀಗೆಯೇ ನಡೆಯಿತು. ಒಂದು ಡಬ್ಬಿ ಬ್ರೇಕ್ ಆಯಿಲ್ ಮುಗಿಯಿತು, ನನ್ನ ಎಡಗಾಲು ಜೋಮು ಹಿಡಿಯಿತು, ಗಾಳಿ ಮಾತ್ರ ಅಲ್ಲೇ ಸಂಸಾರ ಹೂಡಿತ್ತು. ಮಾಮಿ ಬಾಗಿಲಲ್ಲಿ ನಿಂತು, "ಮದುಮಗನ್ನ ಬಸ್ಸಿನ್ಯಾಗ ಕಳಸ್ರಿ" ಎಂದರು.

ಎದುರು ಮನೆಯ ಅವ್ವ ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕುಳಿತು ನನ್ನ ಕಾಲನ್ನೇ ನೋಡುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಎದ್ದು ಬಂದು ನನ್ನ ಭುಜ ತಟ್ಟಿದರು.

"ನಿನ್ನ ಕಾಲಿಗೆ ಅವಸರ ಭಾಳ ಐತಿ, ತಮ್ಮಾ. ಸರಿ, ನಾ ಕುಂಡ್ರತೀನಿ."

ಮಾಮಾ ಬೇಡ ಎನ್ನುವಷ್ಟರಲ್ಲಿ ಅವ್ವ ಸೀರೆ ಸಾವರಿಸಿಕೊಂಡು ಒಳಗಿಳಿದರು. ನಾವೆಲ್ಲ ಆ ಕಾರಿನೊಳಗೆ ಬಾವಿಗೆ ಬಿದ್ದಂತೆ ಬೀಳುವವರು; ಅವರು ದಿನಾ ಕೂರುವ ಜಾಗವೆಂಬಂತೆ ಕಾಲು ಚಾಚಿ ಕುಳಿತರು! ಆಗ ಹೊಳೆಯಿತು. ನಲವತ್ತು ವರ್ಷ ಅವರು ಕೈಮಗ್ಗದಲ್ಲಿ ಸೀರೆ ನೇಯ್ದವರು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿದು ನೇಯುವ ಮಗ್ಗ ಅದು.

"ಒತ್ತುವ ಮುಂಚೆ ಒಂದು ಹೇಳ್ರಿ," ಎಂದರು ಅವ್ವ. "ಇದರ ಒಳಗ ಏನೈತಿ?"

ಮಾಮಾ ಕಾರಿನ ಅಡಿಯಿಂದ ಹೊರಗೆ ಬಂದೇಬಿಟ್ಟರು. ಜೀವಮಾನವೆಲ್ಲ ತಾವು ಕೇಳಿದ ಪ್ರಶ್ನೆಯನ್ನು ಇವರಿಗೆ ಯಾರಾದರೂ ಕೇಳಿದ್ದು ಇದೇ ಮೊದಲು! ಎಣ್ಣೆ ತುಂಬಿದ ಎರಡು ಸಿರಿಂಜನ್ನು ನಳಿಕೆಯ ಎರಡು ತುದಿಗೆ ಜೋಡಿಸಿ, ಒಂದನ್ನು ಒತ್ತಿದರೆ ಇನ್ನೊಂದು ಏಳುವುದನ್ನು ತೋರಿಸಿದರು. ಬಳಿಕ ನಡುವೆ ಗಾಳಿ ಬಿಟ್ಟು ತೋರಿಸಿದರು. ಅವ್ವ ಕಣ್ಣು ಕಿರಿದು ಮಾಡಿ ನೋಡಿದರು.

"ಎಣ್ಣಿ ಕುಗ್ಗೂದಿಲ್ಲ, ಗಾಳಿ ಕುಗ್ಗತೈತಿ. ಅದಕ್ಕ ಕಾಲು ಹೇಳಿದ್ದು ಆ ಕಡೆ ಮುಟ್ಟವಲ್ದು. ಹೌದಿಲ್ರಿ?"

"ಖರೆ ಅವ್ವಾರ!" ಮಾಮಾ ಕುಣಿಯುವುದೊಂದು ಬಾಕಿ.

ಆಮೇಲೆ ಕೆಲಸ ಸಾಗಿದ್ದೇ ಬೇರೆ. ಒತ್ತು, ಹಿಡಿ, ಬಿಡು. ಒಂದೇ ಲಯ, ಒಂದೇ ತೂಕ. ಉಪ್ಪಿನಕಾಯಿ ಬಾಟಲಿಯಲ್ಲಿ ಬುಳುಬುಳು ಗುಳ್ಳೆ ಎದ್ದವು. ನನ್ನ ಕೆಲಸ ಎಂಜಿನ್ನಿನ ಪಕ್ಕದ ಪುಟ್ಟ ಎಣ್ಣೆ ಡಬ್ಬಿಯಲ್ಲಿ ಮಟ್ಟ ಇಳಿಯದಂತೆ ಸುರಿಯುತ್ತಿರುವುದಷ್ಟೇ. ಗುಳ್ಳೆ ನಿಂತದ್ದನ್ನು ಮಾಮಾ ನೋಡುವ ಮೊದಲೇ ಅವ್ವ ಹೇಳಿದರು: "ಈಗ ಬಿಗಿ ಬಂತ ನೋಡ್ರಿ." ತಿರುಪು ಬಿಗಿದು, ಕಾರು ಇಳಿಸಿ, ನಾನು ಕೂತು ತುಳಿದೆ. ಪೆಡಲು ಗಟ್ಟಿ! ಗೇರು ಸದ್ದಿಲ್ಲದೆ ಬಿತ್ತು!

ಮರುದಿನ ಮದುಮಗ ಲಕ್ಷ್ಮೇಶ್ವರದಿಂದ ಶಿಗ್ಲಿಯವರೆಗೆ ಅದೇ ಕಾರಿನಲ್ಲಿ ಹೋದ. ಚಾವಣಿ ತಗ್ಗು, ಪೇಟ ಎತ್ತರ. ದಾರಿಯುದ್ದಕ್ಕೂ ಊರವರಿಗೆಲ್ಲ ಬಗ್ಗಿ ಸಲಾಮು ಮಾಡುತ್ತಾ ಬಂದ ವಿನಯವಂತ ಎಂದು ಬೀಗರ ಕಡೆ ಹೆಸರಾಯಿತಂತೆ!

ಆದರೆ ನನ್ನ ಕಣ್ಣಲ್ಲಿ ಉಳಿದದ್ದು ಮೆರವಣಿಗೆಯಲ್ಲ. ಹಿಂದಿನ ದಿನ ಗೇರು ಬಿದ್ದು ನಾನು ಕಾರಿನಿಂದ ಇಳಿದ ಮೇಲೆ ಅವ್ವ ಮತ್ತೆ ಕಾರಿನ ಬಳಿ ಬಂದು ಬಾಗಿಲು ಹಿಡಿದು ನಿಂತರು.

"ಮಗ ಹೋದ ವರ್ಷ ಮನ್ಯಾಗ ನೆಲಕ್ಕ ಫರಸಿ ಕಲ್ಲು ಹಾಕಿಸಿದ. ಮಗ್ಗ ತಗದು ಕುಣಿ ಮುಚ್ಚಿದ್ರು. ಚಲೋನ ಆತು, ನೆಲ ಸಾಪ ಆತು. ಆದ್ರ ಕಾಲಿಗೆ ತಿಳಿಯವಲ್ದು. ಕುಂತಲ್ಲೇ ತುಳೀತಾವ."

ಕೈ ಒರೆಸಿಕೊಳ್ಳುತ್ತಿದ್ದ ಮಾಮಾ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು, ಪೆಡಲಿನ ಕಡೆಯ ಬಾಗಿಲು ಪೂರ್ತಿ ತೆರೆದರು.

"ಕುಂಡ್ರಿ ಅವ್ವಾರ. ಇನ್ನೂ ಒಂದಿಷ್ಟು ಗಾಳಿ ಉಳಿದೈತಿ."

ಕಾರಿನ ಪಕ್ಕ ನೆಲದ ಮೇಲೆ ಅಂಗಾತ ಮಲಗಿ, ಮುಖವನ್ನು ಕಾರಿನ ಅಡಿಗೆ ತಿರುಗಿಸಿ ಕೂಗಿದರು. "ಒತ್ತರಿ... ಹಿಡೀರಿ... ಬಿಡ್ರಿ."

ಅವ್ವ ಒತ್ತಿದರು, ಹಿಡಿದರು, ಬಿಟ್ಟರು. ಮಾಮಾ ಕೂಗುತ್ತಲೇ ಇದ್ದರು. ಅವರ ಎರಡೂ ಕೈ ಎದೆಯ ಮೇಲಿದ್ದವು. ತಿರುಪು ಸಡಿಲಿಸುವ ಪಾನಾ ನನ್ನ ಕೈಯಲ್ಲಿತ್ತು.